ಬಸ್ ದತ್ತಾಂಶದಲ್ಲಿ ಮಾರ್ಗರೇಖೆ ಮತ್ತು ಸಮೀಪದ ಸ್ಥಳಗಳು: ಹುಬ್ಬಳ್ಳಿ-ಧಾರವಾಡ ಭಾಗಕ್ಕೆ ಸಮಗ್ರ ಮಾರ್ಗದರ್ಶಿ

ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಲ್ಲಿ 'ವಿದ್ಯಾನಗರ' ಅಂದರೆ ಒಂದೇ ನಿಲ್ದಾಣವಲ್ಲ. ರಸ್ತೆಯ ನಟ್ಟನಡುವೆ, ಮೀಸಲು ಪಥದಲ್ಲಿ ಓಡುವ ಚಿಗರಿ ಬಸ್ಸಿನ ಸ್ಟೇಷನ್ ಇದೆ, ಎರಡೂ ಬದಿಗೆ ಸಾದಾ ಬಸ್ಸುಗಳು ನಿಲ್ಲುವ ಸ್ಟಾಪ್‌ಗಳಿವೆ. ಚಿಗರಿಗೆ ಬಲಬಾಗಿಲಿನಿಂದ ಹತ್ತಬೇಕು, ಸಾದಾ ಬಸ್ಸಿಗೆ ಎಡಬಾಗಿಲಿನಿಂದ. ಈ ಮೂರನ್ನೂ ಒಂದೇ ಚುಕ್ಕೆ ಮಾಡಿ ಸಾಫ್ಟ್‌ವೇರ್‌ಗೆ ತುಂಬಿದರೆ ಆ್ಯಪ್ ನಂಬಿ ಬಂದ ಪ್ರಯಾಣಿಕ ಕಂಬಿಬೇಲಿಯ ಆಚೆ ನಿಂತು ಬಸ್ಸು ಹೋಗುವುದನ್ನು ನೋಡಬೇಕಾಗುತ್ತದೆ. ಮಾರ್ಗರೇಖೆ, ಅಂದರೆ ಬಸ್ಸಿನ ದಾರಿಯನ್ನು ನಕ್ಷೆಯಲ್ಲಿ ತೋರಿಸುವ ಗೆರೆ, ಎಳೆಯುವಾಗ ಬಸ್ಸಿನ ಚಕ್ರ ಎಲ್ಲಿ ಉರುಳುತ್ತದೆ ಎಂದು ಕೇಳಬೇಕು. ಸಮೀಪದ ಸ್ಥಳ ಸೇರಿಸುವಾಗ ಇಳಿದವರ ಕಾಲು ಎಲ್ಲಿ ನಡೆಯುತ್ತದೆ ಎಂದು ಕೇಳಬೇಕು. ಕೆಳಗಿನ ಹಂತಗಳೆಲ್ಲ ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿವೆ.

ನೀವು ಯಾವ ಸಾಫ್ಟ್‌ವೇರ್ ಬಳಸಿದರೂ ಕೊನೆಗೆ ಹೊರಬರುವುದು ಜಿಟಿಎಫ್‌ಎಸ್ (ಬಸ್ಸಿನ ನಿಲ್ದಾಣ, ದಾರಿ, ವೇಳೆಗಳನ್ನು ಆ್ಯಪ್‌ಗಳಿಗೆ ಕೊಡುವ ಸಾಮಾನ್ಯ ವಿನ್ಯಾಸ) ಮಾದರಿಯ ಜಿಪ್ ಫೈಲ್ ಎಂದು ಇಲ್ಲಿ ಭಾವಿಸಲಾಗಿದೆ. ಅದರೊಳಗೆ ನಮಗೆ ಮುಖ್ಯವಾದವು ಸ್ಟಾಪ್ಸ್ (ನಿಲ್ದಾಣಗಳು), ರೂಟ್ಸ್ (ಮಾರ್ಗಗಳು), ಟ್ರಿಪ್ಸ್ (ಬಸ್ಸಿನ ಒಂದೊಂದು ಓಟ), ಸ್ಟಾಪ್ ಟೈಮ್ಸ್ (ಟ್ರಿಪ್ ಯಾವ ಸ್ಟಾಪ್‌ಗೆ ಎಷ್ಟು ಹೊತ್ತಿಗೆ), ಶೇಪ್ಸ್, ಟ್ರಾನ್ಸ್‌ಫರ್ಸ್ (ಬಸ್ ಬದಲಿಸುವುದು) ಮತ್ತು ಟ್ರಾನ್ಸ್‌ಲೇಷನ್ಸ್ (ಹೆಸರುಗಳ ಅನುವಾದ) ಫೈಲ್‌ಗಳು. ಮಾರ್ಗರೇಖೆ ಇರುವುದು ಶೇಪ್ಸ್ ಫೈಲಿನಲ್ಲಿ. ಸಮೀಪದ ಸ್ಥಳಗಳಿಗೆ ಈ ಮಾದರಿಯಲ್ಲಿ ಪ್ರತ್ಯೇಕ ಫೈಲೇ ಇಲ್ಲ. ಅದನ್ನು ಹೇಗೆ ನಿಭಾಯಿಸುವುದು ಎಂಬುದು ಮುಂದೆ ಬರುತ್ತದೆ.

ಕೈಗೆ ಬೇಕಾದದ್ದು

ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಇರುವ ಒಂದು ಕಂಪ್ಯೂಟರ್, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ರಸ್ತೆ ಪದರ, ಉಪಗ್ರಹ ಚಿತ್ರದ ಹಿನ್ನೆಲೆ, ಜಿಪಿಎಸ್ ದಾರಿ ದಾಖಲಿಸುವ ಆ್ಯಪ್ ಇರುವ ಫೋನ್, ಕೋಷ್ಟಕ ತಿದ್ದಲು ಲಿಬ್ರೆಆಫೀಸ್. ಜೊತೆಗೆ ಡಿಪೋದಿಂದ ಶೆಡ್ಯೂಲ್ ಪಟ್ಟಿ. ಇದು ಇಲ್ಲದೆ ಕೆಲಸ ಶುರು ಮಾಡಬೇಡಿ. ನಕ್ಷೆ ನೋಡಿ ರಸ್ತೆ ತಿಳಿಯಬಹುದು, ಆದರೆ ಬೆಳಗಿನ ಮೊದಲ ಟ್ರಿಪ್ ಮಾತ್ರ ಊರೊಳಗೆ ಹೋಗುತ್ತದೆ ಎಂಬುದು ಶೆಡ್ಯೂಲ್ ಪಟ್ಟಿಯಲ್ಲಿ ಅಥವಾ ಕಂಡಕ್ಟರ್ ಬಾಯಲ್ಲಿ ಮಾತ್ರ ಸಿಗುತ್ತದೆ.

ಎಕ್ಸೆಲ್ ವಿಷಯದಲ್ಲಿ ಎಚ್ಚರ ಇರಲಿ. ಜಿಪ್‌ನೊಳಗಿನ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ) ಫೈಲನ್ನು ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದು ಉಳಿಸಿದರೆ ಮೂರು ರೀತಿಯ ಹಾನಿ ಆಗಬಹುದು: ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು, 0 ಇಂದ ಶುರುವಾಗುವ ಸ್ಟಾಪ್ ಕೋಡ್‌ನ ಮೊದಲ ಸೊನ್ನೆ ಹಾರಿಹೋಗುತ್ತದೆ, ಮಧ್ಯರಾತ್ರಿ ದಾಟಿದ ಟ್ರಿಪ್‌ನ 24:10:00 ಎಂಬ ಸಮಯ ಬೇರೆಯೇ ರೂಪಕ್ಕೆ ತಿರುಗಬಹುದು. ಜಿಟಿಎಫ್‌ಎಸ್‌ನಲ್ಲಿ 24 ದಾಟಿದ ಗಂಟೆ ತಪ್ಪಲ್ಲ, ಹಾಗೆಯೇ ಬರೆಯಬೇಕು. ಲಿಬ್ರೆಆಫೀಸ್‌ನಲ್ಲಿ ತೆರೆಯುವಾಗ ಅಕ್ಷರ ಸಂಕೇತ ಯುಟಿಎಫ್-8 ಎಂದೂ ಎಲ್ಲ ಕಾಲಂಗಳ ಬಗೆ 'ಟೆಕ್ಸ್ಟ್' ಎಂದೂ ಆರಿಸಿ. ಉಳಿಸುವಾಗಲೂ ಯುಟಿಎಫ್-8 ಇರಲಿ.

ಹಂತ 1: ನಿಲ್ದಾಣಗಳನ್ನು ಮೊದಲು ಗಟ್ಟಿ ಮಾಡಿ

ಹೆಚ್ಚಿನವರು ರೇಖೆ ಎಳೆಯುವುದರಿಂದ ಶುರು ಮಾಡುತ್ತಾರೆ. ಹಾಗೆ ಮಾಡಿದರೆ ಆಮೇಲೆ ನಿಲ್ದಾಣ ಸರಿಸಿದಾಗಲೆಲ್ಲ ದೂರದ ಲೆಕ್ಕ ಮತ್ತೆ ಮಾಡಬೇಕು. ನಿಲ್ದಾಣ ಮೊದಲು, ರೇಖೆ ಆಮೇಲೆ.

ಪ್ರತಿ ದಿಕ್ಕಿಗೂ ಒಂದೊಂದು ಸ್ಟಾಪ್ ಇರಲಿ. ಚುಕ್ಕೆ ಇಡಬೇಕಾದ್ದು ಜನ ಕಾಯುವ ಜಾಗದಲ್ಲಿ, ರಸ್ತೆಯ ಸರಿಯಾದ ಬದಿಗೆ. ಜಿಟಿಎಫ್‌ಎಸ್‌ನ ಉತ್ತಮ ರೂಢಿಯ ಪ್ರಕಾರ ಈ ಚುಕ್ಕೆಯ ತಪ್ಪು 4 ಮೀಟರ್ ಮೀರಬಾರದು. ಅಕ್ಷಾಂಶ, ರೇಖಾಂಶಗಳಲ್ಲಿ ದಶಮಾಂಶದ ನಂತರ 5 ಅಂಕಿ ಇದ್ದರೆ ಸುಮಾರು 1 ಮೀಟರ್ ನಿಖರತೆ ಸಿಗುತ್ತದೆ, 6 ಇದ್ದರೆ ಸಾಕೋಸಾಕು. 3 ಅಂಕಿಗೆ ಕತ್ತರಿಸಿದರೆ ಚುಕ್ಕೆ ಹತ್ತಾರು ಮೀಟರ್ ಸರಿದು ಎದುರು ಬದಿಯ ಅಂಗಡಿಸಾಲಿಗೆ ಹೋಗಿ ಕೂರಬಹುದು.

ಚಿಗರಿ ಸ್ಟೇಷನ್‌ಗಳಿಗೆ ಸ್ಟಾಪ್ಸ್ ಫೈಲಿನ ಲೊಕೇಷನ್ ಟೈಪ್ ಕಾಲಂನಲ್ಲಿ 1, ಅಂದರೆ 'ಸ್ಟೇಷನ್', ಎಂದು ಒಂದು ತಾಯಿ ದಾಖಲೆ ಮಾಡಿ. ಅದರ ಕೆಳಗೆ ಹುಬ್ಬಳ್ಳಿ ಕಡೆಗೆ ಒಂದು, ಧಾರವಾಡ ಕಡೆಗೆ ಒಂದು ಎಂದು ಟೈಪ್ 0 ಇರುವ ಎರಡು ಪ್ಲಾಟ್‌ಫಾರ್ಮ್ ಸೇರಿಸಿ. ಸ್ಟಾಪ್ ಟೈಮ್ಸ್ ಫೈಲಿನಲ್ಲಿ ಬರಬೇಕಾದ್ದು ಪ್ಲಾಟ್‌ಫಾರ್ಮ್ ಐಡಿ. ತಾಯಿ ಸ್ಟೇಷನ್ ಐಡಿ ಬರೆದರೆ ಫೈಲಿನ ತಪ್ಪು ಹುಡುಕುವ ಪರೀಕ್ಷಕ ಸಾಫ್ಟ್‌ವೇರ್ ತಿರಸ್ಕರಿಸುತ್ತದೆ. ಒಳಹೋಗುವ ದಾರಿಗೆ ಟೈಪ್ 2 ದಾಖಲೆ ಮಾಡಿ, ಝೀಬ್ರಾ ಪಟ್ಟಿಯಿಂದ ಸ್ಟೇಷನ್‌ಗೆ ಕಾಲಿಡುವ ಬಿಂದುವಿನಲ್ಲಿ ಇಡಿ. ಸಮೀಪದ ಸ್ಥಳಗಳ ನಡಿಗೆ ಅಳೆಯುವಾಗ ಇದೇ ಬಿಂದು ಬೇಕಾಗುತ್ತದೆ. ಬದಿಯ ಸಾದಾ ಬಸ್ ಸ್ಟಾಪ್‌ಗಳನ್ನು ಈ ತಾಯಿ ಸ್ಟೇಷನ್ ಕೆಳಗೆ ತುರುಕಬೇಡಿ. ಅವು ಬೇರೆಯೇ ಜಾಗ, ನಡುವೆ ವಾಹನ ಓಡುವ ರಸ್ತೆ ಇದೆ.

ಹೆಸರಿನ ಬಗ್ಗೆ ಒಂದು ಕಟ್ಟುನಿಟ್ಟಿನ ನಿಯಮ ಮಾಡಿಕೊಳ್ಳಿ. 'ಹೊಸ ಬಸ್ ನಿಲ್ದಾಣ' ಹುಬ್ಬಳ್ಳಿಯಲ್ಲೂ ಇದೆ, ಧಾರವಾಡದಲ್ಲೂ ಇದೆ, ಗದಗದಲ್ಲೂ ಇದೆ. 'ಸಿಬಿಟಿ' (ನಗರ ಬಸ್ ನಿಲ್ದಾಣ) ಅವಳಿನಗರದ ಎರಡೂ ಕಡೆ ಇದೆ. ಹಾಗಾಗಿ ಊರಿನ ಹೆಸರು ಸ್ಟಾಪ್ ಹೆಸರಿನೊಳಗೇ ಇರಲಿ: 'ಧಾರವಾಡ ಸಿಬಿಟಿ', 'ಹುಬ್ಬಳ್ಳಿ ಸಿಬಿಟಿ'. ಐಡಿಗಳಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ ಬಳಸಿ. ಕನ್ನಡ ಐಡಿ ನಿಯಮಬಾಹಿರವಲ್ಲ, ಆದರೆ ಹಲವು ಉಪಕರಣಗಳು ಅಲ್ಲಿ ಎಡವುತ್ತವೆ. ಒಮ್ಮೆ ಕೊಟ್ಟ ಐಡಿಯನ್ನು ಹೆಸರು ಬದಲಾದರೂ ಬದಲಿಸಬೇಡಿ.

ಹಂತ 2: ರೇಖೆಯನ್ನು ಮಾರ್ಗಕ್ಕಲ್ಲ, ಪ್ಯಾಟರ್ನ್‌ಗೆ ಕಟ್ಟಿ

ಜಿಟಿಎಫ್‌ಎಸ್‌ನಲ್ಲಿ ಶೇಪ್ ಐಡಿ (ಒಂದೊಂದು ಮಾರ್ಗರೇಖೆಯ ಗುರುತು) ಕೂರುವುದು ಟ್ರಿಪ್ಸ್ ಫೈಲಿನಲ್ಲಿ, ರೂಟ್ಸ್ ಫೈಲಿನಲ್ಲಲ್ಲ. ಇದಕ್ಕೆ ಕಾರಣವಿದೆ: ಒಂದೇ ಮಾರ್ಗಸಂಖ್ಯೆಯ ಬಸ್ಸುಗಳು ಒಂದೇ ದಾರಿ ಹಿಡಿಯುವುದಿಲ್ಲ. ಒಂದೇ ಕ್ರಮದ ನಿಲ್ದಾಣಗಳು ಮತ್ತು ಒಂದೇ ದಾರಿ ಇರುವ ಟ್ರಿಪ್‌ಗಳ ಗುಂಪಿಗೆ ಪ್ಯಾಟರ್ನ್ ಎನ್ನುತ್ತಾರೆ. ಪ್ಯಾಟರ್ನ್‌ಗೊಂದು ರೇಖೆ ಸಾಕು.

ಹುಬ್ಬಳ್ಳಿ-ಹಾವೇರಿ ಮಾರ್ಗವನ್ನೇ ತೆಗೆದುಕೊಳ್ಳಿ. ಬಂಕಾಪುರ ಊರು ರಾಷ್ಟ್ರೀಯ ಹೆದ್ದಾರಿಯಿಂದ ಸುಮಾರು ಎರಡೂವರೆ ಕಿ.ಮೀ. ಒಳಗಿದೆ. ಹೆದ್ದಾರಿಯಲ್ಲೇ ಬಂಕಾಪುರ ಕ್ರಾಸ್ ದಾಟಿ ಹೋಗುವ ಟ್ರಿಪ್ ಒಂದು ಪ್ಯಾಟರ್ನ್. ಊರೊಳಗೆ ಹೋಗಿ ಅದೇ ದಾರಿಯಲ್ಲಿ ಹೊರಬರುವ ಟ್ರಿಪ್ ಇನ್ನೊಂದು. ಹೋಗುವ ದಿಕ್ಕು, ಬರುವ ದಿಕ್ಕು ಬೇರೆ ಬೇರೆ ಎಂದಾದರೆ ಒಟ್ಟು ನಾಲ್ಕು. ಚಿಗರಿಯಲ್ಲೂ ಹೀಗೆಯೇ: ಎಲ್ಲ ಸ್ಟೇಷನ್‌ಗಳಲ್ಲಿ ನಿಲ್ಲುವ ಬಸ್ಸು ಮತ್ತು ಕೆಲವೇ ಕಡೆ ನಿಲ್ಲುವ ಎಕ್ಸ್‌ಪ್ರೆಸ್ ಬೇರೆ ಬೇರೆ ಪ್ಯಾಟರ್ನ್. ಆದರೆ ಇವೆರಡರ ಚಕ್ರ ಉರುಳುವ ದಾರಿ ಒಂದೇ ಆದ್ದರಿಂದ ಒಂದೇ ಶೇಪ್ ಐಡಿ ಹಂಚಿಕೊಳ್ಳಬಹುದು. ಹೀಗೆ ಹಂಚಿಕೊಂಡಷ್ಟೂ ಆಮೇಲೆ ತಿದ್ದುವ ಕೆಲಸ ಕಡಿಮೆ.

ಪ್ಯಾಟರ್ನ್ ಗುರುತಿಸಲು ಸುಲಭದ ದಾರಿ: ಪ್ರತಿ ಟ್ರಿಪ್‌ನ ಸ್ಟಾಪ್ ಐಡಿಗಳನ್ನು ಕ್ರಮವಾಗಿ ಒಂದೇ ಸಾಲಿಗೆ ಜೋಡಿಸಿ, ಸಾಲುಗಳನ್ನು ವಿಂಗಡಿಸಿ. ಒಂದೇ ಟ್ರಿಪ್ ಇರುವ ಪ್ಯಾಟರ್ನ್ ಕಂಡರೆ ಅದು ನಿಜವಾದ ವಿಶೇಷ ಟ್ರಿಪ್ಪೋ, ಟೈಪ್ ಮಾಡುವಾಗ ಬಿಟ್ಟುಹೋದ ಸ್ಟಾಪೋ ಎಂದು ಡಿಪೋದಲ್ಲಿ ಕೇಳಿ ತಿಳಿದುಕೊಳ್ಳಿ.

ಹಂತ 3: ರೇಖೆ ಎಳೆಯುವುದು

ಬಸ್ಸಿನಲ್ಲಿ ಕೂತು ಫೋನ್‌ನಲ್ಲಿ ದಾರಿ ದಾಖಲಿಸುವುದೇ ನಂಬಿಕೆಯ ವಿಧಾನ. ಕಿಟಕಿ ಪಕ್ಕ ಕೂರಿ, ಬಿಂದುಗಳ ಅಂತರ 5 ಸೆಕೆಂಡಿಗಿಂತ ಹೆಚ್ಚು ಬೇಡ, ಫೋನಿನ ಬ್ಯಾಟರಿ ಉಳಿತಾಯ ಬಂದ್ ಮಾಡಿ. ಬ್ಯಾಟರಿ ಉಳಿತಾಯ ಚಾಲೂ ಇದ್ದರೆ ಪರದೆ ಆರಿದ ಕೂಡಲೇ ದಾಖಲೆ ನಿಲ್ಲುವ ಫೋನ್‌ಗಳಿವೆ. ಕೊನೆಗೆ ಎರಡು ತಿರುವುಗಳ ನಡುವೆ ಹೊಲ ಸೀಳಿಕೊಂಡು ಹೋಗುವ ನೇರಗೆರೆ ಸಿಗುತ್ತದೆ.

ಸಿಕ್ಕ ದಾಖಲೆಯನ್ನು ಹಾಗೆಯೇ ಶೇಪ್ ಮಾಡಬೇಡಿ. ಬಸ್ಸು ನಿಂತಲ್ಲೆಲ್ಲ ಬಿಂದುಗಳು ಗಂಟು ಕಟ್ಟಿಕೊಂಡಿರುತ್ತವೆ, ಆ ಗಂಟುಗಳೇ ದೂರವನ್ನು ಸುಳ್ಳಾಗಿ ಹಿಗ್ಗಿಸುತ್ತವೆ. ಕ್ಯೂಜಿಐಎಸ್‌ನಲ್ಲಿ ದಾಖಲೆಯನ್ನು ಕೆಳಗಿಟ್ಟು, ಮೇಲೆ ಹೊಸ ಗೆರೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ರಸ್ತೆಗೆ ಸ್ನ್ಯಾಪ್ ಮಾಡುತ್ತ (ಅಂಟಿಸುತ್ತ) ಎಳೆಯಿರಿ. ನೇರ ಹೆದ್ದಾರಿಯಲ್ಲಿ ಬಿಂದುಗಳು ವಿರಳವಾಗಿದ್ದರೆ ಸಾಕು. ವೃತ್ತ, ಫ್ಲೈಓವರ್ ಇಳಿಜಾರು, ಬಸ್ ನಿಲ್ದಾಣದ ಒಳದಾರಿಗಳಲ್ಲಿ 5-10 ಮೀಟರಿಗೊಂದು ಬೇಕು. ಕೊನೆಗೆ 2-3 ಮೀಟರ್ ಮಿತಿಯಲ್ಲಿ ಸರಳೀಕರಿಸಿ, ಅಂದರೆ ಗೆರೆ ಅದಕ್ಕಿಂತ ಹೆಚ್ಚು ಸರಿಯದಂತೆ ಹೆಚ್ಚುವರಿ ಬಿಂದುಗಳನ್ನು ತೆಗೆಯಿರಿ. ಮಿತಿ 10 ಮೀಟರ್ ಆದರೆ ಚಿಗರಿ ಪಥ ಮತ್ತು ಪಕ್ಕದ ಸಾದಾ ಪಥದ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಅವಳಿನಗರದ ನಡುವೆ ವಿಶೇಷ ಗಮನ ಬೇಕಾದ್ದು ಇಲ್ಲಿಯೇ. ಚಿಗರಿಯ ರೇಖೆ ಮಧ್ಯದ ಮೀಸಲು ಪಥದ ಮೇಲೆಯೇ ಇರಬೇಕು, ಸಾದಾ ಬಸ್ಸಿನದು ಪಕ್ಕದ ಪಥದ ಮೇಲೆ. ಸ್ವಯಂಚಾಲಿತವಾಗಿ ದಾರಿ ಹುಡುಕುವ ಸಾಧನಗಳು ಈ ಎರಡನ್ನು ಆಗಾಗ ಅದಲುಬದಲು ಮಾಡುತ್ತವೆ. ಮೀಸಲು ಪಥಕ್ಕೆ ಬಸ್ ಮಾತ್ರ ಎಂಬ ಗುರುತು ಇದ್ದಾಗ ಕಾರಿನ ಲೆಕ್ಕದಲ್ಲಿ ಓಡುವ ಸಾಧನ ಅತ್ತ ಹೋಗುವುದೇ ಇಲ್ಲ. ಹಾಗಾಗಿ ಬಸ್ ಪ್ರೊಫೈಲ್ ಆರಿಸಿ. ಪರೀಕ್ಷಕ ಸಾಫ್ಟ್‌ವೇರ್ ಈ ತಪ್ಪನ್ನು ಹಿಡಿಯುವುದಿಲ್ಲ. ಅದು ದೂರುವುದು ನಿಲ್ದಾಣ ರೇಖೆಯಿಂದ 100 ಮೀಟರಿಗಿಂತ ದೂರವಿದ್ದಾಗ, ಇಲ್ಲಿ ಎರಡೂ ಪಥಗಳು ಆ 100 ಮೀಟರಿನೊಳಗೇ ಇವೆ. ಕಣ್ಣಲ್ಲಿ ನೋಡಿಯೇ ಸರಿಪಡಿಸಬೇಕು. ಬಸ್ಸಿನ ನೇರ ಸ್ಥಾನ ತೋರಿಸುವ ವ್ಯವಸ್ಥೆ ಇದೇ ರೇಖೆಯನ್ನು ಆಧರಿಸಿದಾಗ ಇದರ ಬೆಲೆ ತಿಳಿಯುತ್ತದೆ.

ಇನ್ನೊಂದು ಹಳೇ ತಪ್ಪು ಅಕ್ಷಾಂಶ-ರೇಖಾಂಶದ ಕ್ರಮ. ಜಿಯೋಜೆಸನ್ ಮತ್ತು ಕೆಎಂಎಲ್ ಎಂಬ ಬಗೆಯ ನಕ್ಷೆ ಫೈಲ್‌ಗಳಲ್ಲಿ ರೇಖಾಂಶ ಮೊದಲು ಬರುತ್ತದೆ. ಹುಬ್ಬಳ್ಳಿ ಇರುವುದು ಅಕ್ಷಾಂಶ 15.36, ರೇಖಾಂಶ 75.12ರ ಆಸುಪಾಸಿನಲ್ಲಿ. ಕಾಲಂ ಅದಲುಬದಲಾದರೆ ನಿಮ್ಮ ಬಸ್ಸು ನಾರ್ವೆಗೂ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣದ ಸಮುದ್ರದಲ್ಲಿ ಕಾಣಿಸುತ್ತದೆ. ನಮ್ಮ ಭಾಗದಲ್ಲಿ 75 ಯಾವತ್ತೂ ಅಕ್ಷಾಂಶವಲ್ಲ. ಅಕ್ಷಾಂಶ 14-16, ರೇಖಾಂಶ 74-77 ದಾಟಿದ ಸಾಲನ್ನೆಲ್ಲ ಕೆಂಪು ಮಾಡುವ ಒಂದು ಸೂತ್ರ ಹಾಕಿಡಿ.

ಹಂತ 4: ದೂರದ ಕಾಲಂ

ಶೇಪ್ಸ್ ಮತ್ತು ಸ್ಟಾಪ್ ಟೈಮ್ಸ್ ಎರಡರಲ್ಲೂ 'ಶೇಪ್ ಡಿಸ್ಟ್ ಟ್ರಾವೆಲ್ಡ್' (ಆರಂಭದಿಂದ ಸಾಗಿದ ದೂರ) ಎಂಬ ಕಾಲಂ ಇದೆ. ಕಡ್ಡಾಯವಲ್ಲವೆಂದು ಹಲವರು ಖಾಲಿ ಬಿಡುತ್ತಾರೆ. ಹೋದ ದಾರಿಯಲ್ಲೇ ಮರಳುವ ಬಸ್ಸುಗಳಿರುವ ನಮ್ಮ ಭಾಗದಲ್ಲಿ ಇದನ್ನು ಬಿಡಲೇಬಾರದು.

ಬಂಕಾಪುರದ ಒಳಗೆ ಹೋಗುವ ಟ್ರಿಪ್‌ನಲ್ಲಿ ಬಸ್ಸು ಕ್ರಾಸಿನಲ್ಲಿ ಎರಡು ಸಲ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಹೊರಟಲ್ಲಿಂದ ಕ್ರಾಸ್ 50 ಕಿ.ಮೀ. ಆದರೆ ಊರಿನ ನಿಲ್ದಾಣ 52.5, ಮತ್ತೆ ಕ್ರಾಸ್ 55. ಈ ಅಂಕಿಗಳು ಇಲ್ಲದಿದ್ದರೆ ಸಾಫ್ಟ್‌ವೇರ್ ಕ್ರಾಸನ್ನು ರೇಖೆಯ ಹತ್ತಿರದ ಬಿಂದುವಿಗೆ ಅಂಟಿಸುತ್ತದೆ. ಹೋಗುವ ಗೆರೆ, ಬರುವ ಗೆರೆ ಒಂದರ ಮೇಲೊಂದು ಇರುವುದರಿಂದ ಮೊದಲ ಭೇಟಿಯನ್ನು 55ಕ್ಕೆ ಅಂಟಿಸಿಬಿಡಬಹುದು. ಆಗ ಊರಿನ ನಿಲ್ದಾಣ ಕ್ರಾಸಿಗಿಂತ ಹಿಂದೆ ಬಂದು, ನಿಲ್ದಾಣಗಳ ಕ್ರಮ ರೇಖೆಗೆ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ.

ಲೆಕ್ಕ ಹಾಕುವ ಕ್ರಮ:

1. ರೇಖೆಯನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ ಪರಿವರ್ತಿಸಿ. ಕ್ಯೂಜಿಐಎಸ್‌ನಲ್ಲಿ ಅದನ್ನು ಆರಿಸಲು ಬೇಕಾದ ಇಪಿಎಸ್‌ಜಿ ಸಂಖ್ಯೆ 32643. ಅಕ್ಷಾಂಶ-ರೇಖಾಂಶದಲ್ಲೇ ಅಳೆದರೆ ಉತ್ತರ ಮೀಟರಿನಲ್ಲಿ ಬರುವುದಿಲ್ಲ, ಡಿಗ್ರಿಯಲ್ಲಿ ಬರುತ್ತದೆ. ಈ ವಲಯದ ಮಧ್ಯರೇಖೆ 75 ಡಿಗ್ರಿ, ಅದು ಧಾರವಾಡದ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿ ಅಳತೆ 10 ಕಿ.ಮೀ.ಗೆ 4 ಮೀಟರಿನಷ್ಟು ಕಡಿಮೆ ಬರುತ್ತದೆ. ಬಸ್ಸಿನ ಲೆಕ್ಕಕ್ಕೆ ಇದು ನಗಣ್ಯ.
2. ಪ್ರತಿ ಬಿಂದುವಿಗೂ ಆರಂಭದಿಂದ ಅಲ್ಲಿಯವರೆಗಿನ ಒಟ್ಟು ದೂರ ಬರೆಯಿರಿ. ಮೀಟರ್ ಅಥವಾ ಕಿ.ಮೀ. ಯಾವುದಾದರೂ ಸರಿ, ಎರಡೂ ಫೈಲಿನಲ್ಲಿ ಒಂದೇ ಇರಬೇಕು.
3. ಕ್ಯೂಜಿಐಎಸ್‌ನ 'ಲೈನ್ ಲೊಕೇಟ್ ಪಾಯಿಂಟ್' ಸೂತ್ರದಿಂದ ಪ್ರತಿ ಸ್ಟಾಪ್‌ನ ದೂರ ತೆಗೆಯಿರಿ. ಎರಡು ಸಲ ಹಾಯುವ ತುಂಡುಗಳಲ್ಲಿ ರೇಖೆಯನ್ನು ತಿರುಗುವ ಜಾಗದಲ್ಲಿ ಎರಡಾಗಿ ತುಂಡರಿಸಿ ಬೇರೆ ಬೇರೆ ಅಳೆದು, ಎರಡನೆಯದಕ್ಕೆ ಮೊದಲ ತುಂಡಿನ ಉದ್ದ ಕೂಡಿಸಿ.
4. ಸ್ಟಾಪ್ ಟೈಮ್ಸ್‌ನಲ್ಲಿ ದೂರ ಪ್ರತಿ ಸ್ಟಾಪ್‌ಗೂ ಏರುತ್ತಲೇ ಹೋಗಬೇಕು. ಸಮ ಬಂದರೂ ತಪ್ಪು, ಇಳಿದರೂ ತಪ್ಪು.

ಈ ದೂರವನ್ನು ಟಿಕೆಟ್ ದರಕ್ಕೆ ಬಳಸಲು ಹೋಗಬೇಡಿ. ಸಾರಿಗೆ ಸಂಸ್ಥೆಯ ದರ ಸ್ಟೇಜ್ ಪ್ರಕಾರ ನಡೆಯುತ್ತದೆ. ಸ್ಟೇಜಿನ ದೂರ ಮತ್ತು ರೇಖೆಯ ಉದ್ದ ಒಂದಕ್ಕೊಂದು ಹೊಂದಲೇಬೇಕೆಂದಿಲ್ಲ. ಹೊಂದಿಸಲು ರೇಖೆಯನ್ನು ತಿದ್ದಿದರೆ ರೇಖೆಯೂ ಕೆಡುತ್ತದೆ, ದರವೂ ಸರಿಯಾಗುವುದಿಲ್ಲ.

ಹಂತ 5: ಸಮೀಪದ ಸ್ಥಳಗಳು

ದತ್ತಾಂಶದ ಗುಣಮಟ್ಟ ಜನರ ಕಣ್ಣಿಗೆ ನೇರವಾಗಿ ಬೀಳುವುದು ಇಲ್ಲಿಯೇ. ಹಳ್ಳಿಯಿಂದ ಬಂದವರು ಸ್ಟಾಪ್ ಹೆಸರು ಹುಡುಕುವುದಿಲ್ಲ, 'ಕಿಮ್ಸ್ ದವಾಖಾನಿ' ಎಂದು ಹುಡುಕುತ್ತಾರೆ.

ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಸ್ಟಾಪ್ ಸುತ್ತ 500 ಮೀಟರಿನ ವೃತ್ತ ಎಳೆದು ಒಳಗೆ ಸಿಕ್ಕಿದ್ದನ್ನೆಲ್ಲ ಪಟ್ಟಿಗೆ ಸೇರಿಸುತ್ತವೆ. ಕಚ್ಚಾ ಪಟ್ಟಿಗೆ ಅದು ಸರಿ, ಅಂತಿಮ ಪಟ್ಟಿಗೆ ಸಾಲದು. ಉಣಕಲ್ ಕೆರೆಯನ್ನೇ ನೋಡಿ. ನಕ್ಷೆಯಲ್ಲಿ ಕೆರೆ ಒಂದು ಆಕೃತಿ, ಸಾಫ್ಟ್‌ವೇರ್ ಅದರ ನಡುಬಿಂದು ಹಿಡಿಯುತ್ತದೆ, ನಡುಬಿಂದು ನೀರಿನಲ್ಲಿದೆ. ಅಲ್ಲಿಗೆ ದೂರ ಅಳೆದರೆ ಕೆರೆದಂಡೆಯ ಪಕ್ಕದ ಸ್ಟಾಪ್‌ಗೂ ಕೆರೆ 'ದೂರ' ಎಂದು ಬಂದು ಪಟ್ಟಿಯಿಂದಲೇ ಹಾರಿಹೋಗಬಹುದು. ಕರ್ನಾಟಕ ವಿಶ್ವವಿದ್ಯಾಲಯದ ವಿಶಾಲ ಆವರಣಕ್ಕೂ ಇದೇ ತೊಂದರೆ. ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ ಒಂದೇ 1,507 ಮೀಟರ್ ಇದೆ. ಅಂಥ ಜಾಗಕ್ಕೆ ನಡುಬಿಂದು ಹಿಡಿಯುವುದರಲ್ಲಿ ಅರ್ಥವಿಲ್ಲ.

ಪರಿಹಾರ ಸರಳ, ಶ್ರಮ ಬೇಕು: ಸ್ಥಳದ ಬಿಂದುವನ್ನು ಜನ ಒಳಹೋಗುವ ಗೇಟಿನ ಮೇಲೆ ಇಡಿ. ಗೇಟು ಎರಡಿದ್ದರೆ ಎರಡು ಬಿಂದು, ಎರಡಕ್ಕೂ ಒಂದೇ ಸ್ಥಳ ಐಡಿ. ಆಸ್ಪತ್ರೆಗಾದರೆ ತುರ್ತು ಚಿಕಿತ್ಸೆಯ ದ್ವಾರ ಬೇರೆ, ಹೊರರೋಗಿ ವಿಭಾಗದ ದ್ವಾರ ಬೇರೆ ಇದ್ದಲ್ಲಿ ಎರಡನ್ನೂ ಗುರುತಿಸಿ.

ಆಮೇಲೆ ಗೇಟಿನಿಂದ ಸ್ಟಾಪ್‌ಗೆ ನಡಿಗೆಯ ದಾರಿ ಅಳೆಯಿರಿ. ಪಿ.ಬಿ. ರಸ್ತೆಯಲ್ಲಿ ನೇರ ದೂರ 40 ಮೀಟರ್ ಕಂಡರೂ ಕಂಬಿಬೇಲಿ ದಾಟಲಾಗದು. ಸಿಗ್ನಲ್ ಇರುವ ಝೀಬ್ರಾ ಪಟ್ಟಿಯವರೆಗೆ ನಡೆದು, ಕಾದು, ದಾಟಿ, ಮತ್ತೆ ಹಿಂದೆ ನಡೆಯಬೇಕು. ನಡಿಗೆ ಅಳೆಯುವಾಗ ಚಿಗರಿ ಸ್ಟೇಷನ್‌ನ ಟೈಪ್ 2 ಪ್ರವೇಶಬಿಂದುವನ್ನೇ ಹಿಡಿಯಿರಿ. ವೇಗ ಸೆಕೆಂಡಿಗೆ 1.1 ಮೀಟರ್ ಇಟ್ಟರೆ ವಯಸ್ಸಾದವರಿಗೂ ಚೀಲ ಹೊತ್ತವರಿಗೂ ಹೊಂದುತ್ತದೆ. ಆ ಲೆಕ್ಕದಲ್ಲಿ 400 ಮೀಟರ್ ಸುಮಾರು 6 ನಿಮಿಷ. ದೊಡ್ಡ ರಸ್ತೆ ದಾಟುವುದಿದ್ದರೆ ಒಂದೂವರೆ ನಿಮಿಷ ಕೂಡಿಸಿ.

ಎಷ್ಟು ಸ್ಥಳ ಸೇರಿಸಬೇಕು? ಪಟ್ಟಣದ ಸ್ಟಾಪ್‌ಗೆ 5ರಿಂದ 8 ಸಾಕು. ಆಸ್ಪತ್ರೆ, ಸರ್ಕಾರಿ ಕಚೇರಿ, ಶಾಲೆ-ಕಾಲೇಜು, ಮಾರುಕಟ್ಟೆ, ಗುಡಿ-ಮಠ-ದರ್ಗಾ-ಚರ್ಚು, ರೈಲು ನಿಲ್ದಾಣ ಮೊದಲು ಬರಲಿ. ಅಂಗಡಿ, ಹೋಟೆಲುಗಳನ್ನು ಬಿಡಿ. ಮುಚ್ಚಿಹೋದ ಮೇಲೂ ಪಟ್ಟಿಯಲ್ಲಿ ಉಳಿದು ದಾರಿ ತಪ್ಪಿಸುತ್ತವೆ. ಹಳ್ಳಿ ಕ್ರಾಸ್‌ಗಳಿಗೆ ಮಿತಿ ಸಡಿಲಿಸಿ, ಏಕೆಂದರೆ ಅಲ್ಲಿ ಜನ 2 ಕಿ.ಮೀ. ನಡೆಯುವುದೂ ಉಂಟು, ಆದರೆ ದೂರವನ್ನು ಹೆಸರಿನ ಪಕ್ಕದಲ್ಲೇ ತೋರಿಸಿ. ಬಂಕಾಪುರ ಕೋಟೆಯ ನವಿಲುಧಾಮವನ್ನು ಊರಿನ ನಿಲ್ದಾಣಕ್ಕೆ ಜೋಡಿಸಿ, ಹೆದ್ದಾರಿಯ ಕ್ರಾಸ್‌ಗೆ ಅಲ್ಲ. ಗದಗದ ವೀರನಾರಾಯಣ, ತ್ರಿಕೂಟೇಶ್ವರ ಗುಡಿಗಳಿಗೂ ಹಾಗೆಯೇ: ಊರಿಗೆ ಬರುವ ಎಲ್ಲ ಬಸ್ಸಿನ ಸ್ಟಾಪ್‌ಗೆ ಅಂಟಿಸದೆ, ನಡೆದು ತಲುಪಬಹುದಾದ ಸ್ಟಾಪ್‌ಗೆ ಮಾತ್ರ.

ಕೋಷ್ಟಕದಲ್ಲಿ ಇರಬೇಕಾದ ಕಾಲಂಗಳು: ಸ್ಥಳ ಐಡಿ, ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಬಗೆ, ಗೇಟಿನ ಅಕ್ಷಾಂಶ, ರೇಖಾಂಶ, ಸ್ಟಾಪ್ ಐಡಿ, ನಡಿಗೆಯ ದೂರ, ರಸ್ತೆ ದಾಟಬೇಕೇ, ಜನ ಕರೆಯುವ ಹೆಸರುಗಳು, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ. 'ಜನ ಕರೆಯುವ ಹೆಸರು' ಕಾಲಂ ತುಂಬಲು ಸೋಮಾರಿತನ ಬೇಡ. ಫಲಕದ ಮೇಲಿನ ಹೆಸರು ಒಂದಿದ್ದು ಬಾಯಲ್ಲಿ ಇನ್ನೊಂದು ಇರುತ್ತದೆ. ಬಿವಿಬಿ ಕಾಲೇಜು ವಿಶ್ವವಿದ್ಯಾಲಯವಾಗಿ ಕೆಎಲ್‌ಇ ಹೆಸರು ಪಡೆದ ಮೇಲೂ ಜನ ಬಿವಿಬಿ ಅಂತಲೇ ಹುಡುಕುತ್ತಾರೆ.

ಜಿಟಿಎಫ್‌ಎಸ್ ಜಿಪ್‌ನೊಳಗೆ ಹೆಚ್ಚುವರಿ ಫೈಲ್ ಇಡಲು ಅಡ್ಡಿಯಿಲ್ಲ, ಗೊತ್ತಿಲ್ಲದ ಫೈಲನ್ನು ಓದುವ ಸಾಧನಗಳು ಸುಮ್ಮನೆ ಬಿಟ್ಟುಬಿಡುತ್ತವೆ. ಹಾಗಾಗಿ ಈ ಕೋಷ್ಟಕವನ್ನು ಪ್ರತ್ಯೇಕ ಫೈಲಾಗಿ ಅದರ ಜೊತೆಗೇ ಇಡಬಹುದು. ಸ್ಥಳಗಳ ಹೆಸರನ್ನು ಸ್ಟಾಪ್ ಹೆಸರಿಗೆ ಸೇರಿಸಿ ಉದ್ದ ಮಾಡುವುದು ಮಾತ್ರ ಬೇಡ. ಸ್ಟಾಪ್ ಹೆಸರುಗಳ ಇಂಗ್ಲಿಷ್ ರೂಪ ಟ್ರಾನ್ಸ್‌ಲೇಷನ್ಸ್ ಫೈಲಿಗೆ ಹೋಗಲಿ.

ಹಂತ 6: ಬಸ್ ಬದಲಿಸುವ ಜಾಗಗಳು

ಚಿಗರಿ ಸ್ಟೇಷನ್ ಮತ್ತು ಬದಿಯ ಸ್ಟಾಪ್ ನಡುವೆ ಟ್ರಾನ್ಸ್‌ಫರ್ಸ್ ಫೈಲಿನಲ್ಲಿ ಸಾಲು ಸೇರಿಸಿ, ಬಗೆ 2, ಅಂದರೆ ಕನಿಷ್ಠ ಸಮಯ ಬೇಕು ಎಂದು. ಸಮಯ ಬರೆಯಬೇಕಾದ್ದು ಸೆಕೆಂಡಿನಲ್ಲಿ. ನಾಲ್ಕು ನಿಮಿಷಕ್ಕೆ 240. ತಪ್ಪಿ 4 ಎಂದು ಬರೆದರೆ ಆ್ಯಪ್ ನಾಲ್ಕೇ ಸೆಕೆಂಡಿನಲ್ಲಿ ರಸ್ತೆ ದಾಟಿಸುತ್ತದೆ. ಹೋಗುವುದಕ್ಕೊಂದು ಸಾಲು, ಬರುವುದಕ್ಕೊಂದು ಸಾಲು ಹಾಕಿ.

ಹಂತ 7: ಪರೀಕ್ಷೆ ಮತ್ತು ತಾತ್ಕಾಲಿಕ ಬದಲಾವಣೆ

ಮೊಬಿಲಿಟಿಡೇಟಾ ಸಂಸ್ಥೆಯ ಉಚಿತ ಪರೀಕ್ಷಕದಲ್ಲಿ ಜಿಪ್ ಹಾಕಿ. ದೋಷಗಳನ್ನು ಮೊದಲು, ಎಚ್ಚರಿಕೆಗಳನ್ನು ಆಮೇಲೆ ತಿದ್ದಿ. ಸ್ಟಾಪ್ ರೇಖೆಯಿಂದ ದೂರ ಎಂಬ ಎಚ್ಚರಿಕೆ ಒಂದೇ ಸ್ಟಾಪ್‌ಗೆ ಬಂದರೆ ಸ್ಟಾಪ್ ತಪ್ಪಿರುವ ಸಾಧ್ಯತೆ ಹೆಚ್ಚು. ಸಾಲಾಗಿ ಹಲವು ಸ್ಟಾಪ್‌ಗೆ ಬಂದರೆ ಟ್ರಿಪ್‌ಗೆ ಬೇರೆ ಪ್ಯಾಟರ್ನ್‌ನ ರೇಖೆ ಅಂಟಿದೆ. ಎಲ್ಲ ಸ್ಟಾಪ್‌ಗಳ ಕ್ರಮ ಉಲ್ಟಾ ಎಂದರೆ ಹೋಗುವ ದಿಕ್ಕಿನ ರೇಖೆ ಬರುವ ಟ್ರಿಪ್‌ಗೆ ಹೋಗಿದೆ. ರೇಖೆಗಳನ್ನು ಕ್ಯೂಜಿಐಎಸ್‌ನಲ್ಲಿ ಬಾಣದ ಗುರುತಿನೊಂದಿಗೆ ತೆರೆದರೆ ಕ್ಷಣದಲ್ಲಿ ಕಾಣುತ್ತದೆ.

ಶಿವರಾತ್ರಿಯ ಸಿದ್ಧಾರೂಢ ಮಠದ ಜಾತ್ರೆ, ಗಣೇಶ ವಿಸರ್ಜನೆ, ಚೆನ್ನಮ್ಮ ವೃತ್ತದ ಫ್ಲೈಓವರ್ ಕಾಮಗಾರಿಯಂಥ ಸಂದರ್ಭಗಳಲ್ಲಿ ದಾರಿ ಬದಲಾಗುತ್ತದೆ. ಮೂಲ ರೇಖೆಯನ್ನು ಅಳಿಸಿ ತಿದ್ದಬೇಡಿ. ಅದರ ನಕಲು ಮಾಡಿ, ಹೊಸ ಶೇಪ್ ಐಡಿ ಕೊಟ್ಟು, ಆ ದಿನಗಳಿಗಷ್ಟೇ ಅನ್ವಯಿಸುವ ಸರ್ವಿಸ್ ಐಡಿಯ (ಟ್ರಿಪ್ ಯಾವ ದಿನ ಓಡುತ್ತದೆ ಎಂಬ ಗುರುತು) ಟ್ರಿಪ್‌ಗಳಿಗೆ ಜೋಡಿಸಿ. ಕ್ಯಾಲೆಂಡರ್ ಡೇಟ್ಸ್ ಫೈಲಿನಲ್ಲಿ ಅದೇ ದಿನಾಂಕಗಳಿಗೆ ಹಳೆಯ ಸರ್ವಿಸ್‌ಗೆ 2, ಹೊಸದಕ್ಕೆ 1 ಬರೆಯಿರಿ. 2 ಅಂದರೆ ತೆಗೆದದ್ದು, 1 ಅಂದರೆ ಸೇರಿಸಿದ್ದು. ಹಳೆಯದಕ್ಕೆ 2 ಹಾಕಲು ಮರೆತರೆ ಆ ದಿನ ಪ್ರತಿ ಬಸ್ಸೂ ಆ್ಯಪ್‌ನಲ್ಲಿ ಎರಡೆರಡು ಕಾಣುತ್ತದೆ. ದಾರಿ ಬದಲಾದಾಗ ಬಿಟ್ಟುಹೋಗುವ ಸ್ಟಾಪ್‌ಗಳನ್ನು ಹೊಸ ಟ್ರಿಪ್‌ಗಳ ಸ್ಟಾಪ್ ಟೈಮ್ಸ್‌ನಿಂದಲೂ ತೆಗೆಯಿರಿ, ತಾತ್ಕಾಲಿಕ ಸ್ಟಾಪ್‌ಗೆ ಹೊಸ ಐಡಿ ಕೊಡಿ, ಮತ್ತು ಆ ಸ್ಟಾಪ್‌ಗೂ ಆಸ್ಪತ್ರೆ, ರೈಲು ನಿಲ್ದಾಣಗಳ ನಡಿಗೆ ದೂರವನ್ನು ಅಳೆದು ಸೇರಿಸಿ. ಜಾತ್ರೆಗೆ ಬಂದವರಲ್ಲಿ ಊರು ಗೊತ್ತಿಲ್ಲದವರೇ ಹೆಚ್ಚಿರುತ್ತಾರೆ, ಆ ಸಾಲುಗಳು ಅವರಿಗೆ ಅಂದೇ ಬೇಕು.